ಡೈವೋರ್ಸ್ ಆದರೆ ಮನೆ ಯಾರಿಗೆ, ಇಎಂಐ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಡೈವೋರ್ಸ್ ಅರ್ಜಿಯಲ್ಲಿ ಮಿಕ್ಸಿ ಯಾರಿಗೆ, ವಾಷಿಂಗ್ ಮೆಷಿನ್ ಯಾರಿಗೆ ಅಂತ ಅರ್ಧ ಪುಟ ಇತ್ತು. ಮನೆ ಸಾಲದ ಬಗ್ಗೆ ಇದ್ದದ್ದು ಒಂದೇ ಸಾಲು: ಬಾಕಿಯನ್ನು ಒಂದನೇ ಅರ್ಜಿದಾರರು, ಅಂದರೆ ನನ್ನ ಗಂಡ, ತೀರಿಸುತ್ತಾರೆ. ಆ ಸಾಲು ಬ್ಯಾಂಕಿಗೆ ಗೊತ್ತೇ ಇರಲಿಲ್ಲ. ತೀರ್ಪು ಬಂದು ಎರಡು ವರ್ಷ ಆದ ಮೇಲೂ ಕಂತು ತಪ್ಪಿದಾಗ ಫೋನ್ ಬರುತ್ತಿದ್ದದ್ದು ನನಗೆ. ಆಮೇಲೆ ಓಡಾಡಿ ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳುತ್ತಾ ಬಂದೆ. ಈಗ ಬರೆದಿಟ್ಟಿದ್ದೇನೆ. ನಾನು ವಕೀಲೆ ಅಲ್ಲ. ಕರ್ನಾಟಕದಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಆದವರನ್ನು ಮುಖ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಇದು. ಉಳಿದವರ ಮಾತೂ ನಡುವೆ ಬರುತ್ತದೆ.

ಡೈವೋರ್ಸ್ ಆದರೆ ಆಸ್ತಿಯಲ್ಲಿ ಅರ್ಧ ಸಿಗುತ್ತದೆ, ಅಲ್ವಾ?

ಇಲ್ಲ. ಇದು ಹೊರದೇಶದ ಸುದ್ದಿ ಓದಿ ಬಂದ ನಂಬಿಕೆ. ನಮ್ಮಲ್ಲಿ ಮದುವೆ ಆದ ಮಾತ್ರಕ್ಕೆ ಆಸ್ತಿ ಜಂಟಿ ಆಗುವುದಿಲ್ಲ. ಯಾರ ಹೆಸರಿನಲ್ಲಿ ಕ್ರಯಪತ್ರ ಇದೆಯೋ, ಮನೆ ಅವರದ್ದು ಅಂತಲೇ ಲೆಕ್ಕ ಶುರುವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಆಸ್ತಿಯ ಮಾತು ಆಡುತ್ತದೆ ನಿಜ. ಆದರೆ ಅದು ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಸೇರಿದ ವಸ್ತುಗಳ ಮಟ್ಟಿಗೆ. ಗಂಡನ ಮನೆಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಒಂದು ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತ್ತು. ಲೋಕಸಭೆ ದಾಟಲಿಲ್ಲ, ಅಲ್ಲೇ ಸತ್ತಿತು.

ಕಾರವಾರದಿಂದ ಗಡಿ ದಾಟಿದರೆ ಮಾತು ಬೇರೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಇನ್ನೂ ನಡೆಯುತ್ತಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರದ್ದೂ ಒಂದೇ.

ಹಾಗಾದರೆ ನಮಗೇನು ಸಿಗುತ್ತದೆ? ನಿಮ್ಮ ಹೆಸರಿನಲ್ಲಿ ಇರುವುದು, ಜಂಟಿ ಹೆಸರಿನಲ್ಲಿ ನಿಮ್ಮ ಪಾಲು, ಸ್ತ್ರೀಧನ, ಮತ್ತೆ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಅಡಿ ಶಾಶ್ವತ ಜೀವನಾಂಶ ಕೊಡಿಸುವಾಗ ಕೋರ್ಟು ಇಬ್ಬರ ಆದಾಯ, ಆಸ್ತಿ ಎರಡನ್ನೂ ನೋಡುತ್ತದೆ. ಬೇಕಾದರೆ ಆ ಹಣಕ್ಕೆ ಎದುರು ಪಕ್ಷದ ಸ್ಥಿರಾಸ್ತಿಯ ಮೇಲೆ ಹೊಣೆಯನ್ನೂ ಹಾಕಬಹುದು. ಈ ಸೆಕ್ಷನ್ ಗಂಡನಿಗೂ ಅನ್ವಯಿಸುತ್ತದೆ ಅನ್ನೋದನ್ನು ಜನ ಮರೆಯುತ್ತಾರೆ.

ಮನೆ ಇಬ್ಬರ ಹೆಸರಿನಲ್ಲೂ ಇದೆ. ತಲಾ ಅರ್ಧವಾ?

ಮೊದಲು ಕ್ರಯಪತ್ರ ತೆಗೆದು ಓದಿ. ಯಾರಿಗೆ ಎಷ್ಟು ಪಾಲು ಅಂತ ಬರೆದಿದ್ದರೆ ಅದೇ. ಬರೆಯದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಕೆಲಸಕ್ಕೆ ಬರುತ್ತದೆ: ಹಾಕಿದ ದುಡ್ಡಿನ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರು ಅನ್ನೋದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ಅಂದರೆ ಹಳೇ ಬ್ಯಾಂಕ್ ಸ್ಟೇಟ್‌ಮೆಂಟೇ ಇಲ್ಲಿ ಸಾಕ್ಷಿ.

ಮಾತುಕತೆ ಮುರಿದರೆ ಪಾಲಿಗಾಗಿ ದಾವೆ. ಗಂಡ ಹೆಂಡತಿ ನಡುವಿನ ಆಸ್ತಿ ದಾವೆಯನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಕೌಟುಂಬಿಕ ನ್ಯಾಯಾಲಯವೇ ನೋಡುತ್ತದೆ. ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಎರಡು ಬೆಡ್‌ರೂಮಿನ ಫ್ಲಾಟನ್ನು ಗೋಡೆ ಎಬ್ಬಿಸಿ ಹಂಚೋಕೆ ಆಗಲ್ಲ. ಹಾಗಾಗಿ ಕೊನೆಗೆ ಒಬ್ಬರು ಇನ್ನೊಬ್ಬರ ಪಾಲು ಕೊಳ್ಳಬೇಕು, ಇಲ್ಲ ಮಾರಿ ದುಡ್ಡು ಹಂಚಿಕೊಳ್ಳಬೇಕು. ಕೋರ್ಟಿಗೆ ಹೋದರೂ ಬಂದು ನಿಲ್ಲುವುದು ಅಲ್ಲಿಗೇ, ಕೆಲವು ವರ್ಷ ತಡವಾಗಿ.

ಮನೆ ಅವರ ಹೆಸರಿನಲ್ಲಿದೆ, ಕಂತು ಕಟ್ಟಿದ್ದು ನಾನು. ನನಗೇನೂ ಇಲ್ವಾ?

ಇದೆ, ಆದರೆ ತೋರಿಸಬೇಕು. ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ 1988ರ ಬೇನಾಮಿ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ: ಲೆಕ್ಕಕ್ಕೆ ಸಿಗುವ ಸ್ವಂತ ಆದಾಯದಿಂದ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿ ಅಲ್ಲ. ಆದ್ದರಿಂದ ದುಡ್ಡು ಕೊಟ್ಟವರು ಹಕ್ಕು ಕೇಳಬಹುದು. ಎದುರಿನವರು "ಪ್ರೀತಿಯಿಂದ ಕೊಟ್ಟದ್ದು, ಉಡುಗೊರೆ" ಅನ್ನುತ್ತಾರೆ. ಆಗ ಉದ್ದೇಶ ಏನಿತ್ತು ಅನ್ನೋದೇ ಜಗಳ.

ಇಲ್ಲಿ ಹೆಂಗಸರು ಸೋಲುವ ಜಾಗ ಒಂದಿದೆ. "ನಿನ್ನ ಸಂಬಳ ಮನೆ ಖರ್ಚಿಗೆ, ನನ್ನದು ಇಎಂಐಗೆ" ಅಂತ ಎಷ್ಟು ಮನೆಗಳಲ್ಲಿ ನಡೆಯುತ್ತದೆ! ಹತ್ತು ವರ್ಷ ಆದ ಮೇಲೆ ಅವನ ಖಾತೆಯಲ್ಲಿ ಫ್ಲಾಟ್, ಇವಳ ಖಾತೆಯಲ್ಲಿ ದಿನಸಿ ಅಂಗಡಿ ಬಿಲ್ಲು, ಸ್ಕೂಲ್ ಫೀಸು. ಇನ್ನೂ ಚೆನ್ನಾಗಿ ಸಂಸಾರ ಮಾಡುತ್ತಿರುವವರು ಓದುತ್ತಿದ್ದರೆ, ಕಂತಿನ ಒಂದು ಭಾಗವಾದರೂ ನಿಮ್ಮ ಖಾತೆಯಿಂದ ಹೋಗಲಿ.

ನಾನು ಕೆಲಸಕ್ಕೆ ಹೋಗಿಲ್ಲ, ಮನೆ ನೋಡಿಕೊಂಡೆ. ಅದಕ್ಕೆ ಬೆಲೆ ಇಲ್ವಾ?

2023ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಮಾತು ಹೇಳಿತು. ಗಂಡ ಹೊರದೇಶದಲ್ಲಿ ದುಡಿದ, ಹೆಂಡತಿ ಊರಲ್ಲಿ ಮನೆ, ಮಕ್ಕಳನ್ನು ನೋಡಿಕೊಂಡಳು. ಅವಳ ಆ ದುಡಿಮೆಯಿಂದಲೇ ಅವನಿಗೆ ಆಸ್ತಿ ಮಾಡೋಕೆ ಆಯಿತು, ಹಾಗಾಗಿ ಅವಳಿಗೂ ಪಾಲಿದೆ ಅಂತ. ನಮ್ಮ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ. ಉಲ್ಲೇಖಿಸಿ ವಾದ ಮಾಡಬಹುದು. ಸದ್ಯಕ್ಕೆ ಗೃಹಿಣಿಗೆ ಗಟ್ಟಿ ದಾರಿ ಅಂದರೆ ಜೀವನಾಂಶವೇ.

ಮನೆ ನಾನೇ ಇಟ್ಟುಕೊಳ್ಳಬೇಕು ಅಂತ ಆಸೆ. ಲೆಕ್ಕ ಹಾಕೋದು ಹೇಗೆ?

ಒಂದು ಉದಾಹರಣೆ ಹಿಡಿಯೋಣ. ಫ್ಲಾಟಿನ ಈಗಿನ ಬೆಲೆ 80 ಲಕ್ಷ. ಸಾಲ ಬಾಕಿ 46 ಲಕ್ಷ. ಉಳಿದದ್ದು 34 ಲಕ್ಷ. ಸಮಪಾಲು ಅಂದುಕೊಂಡರೆ ಎದುರಿನವರಿಗೆ 17 ಲಕ್ಷ ಕೊಡಬೇಕು. ಜನ ಇಲ್ಲಿಗೆ ನಿಲ್ಲಿಸಿ "ಸರಿ, ಹೇಗೋ ಹೊಂದಿಸುತ್ತೇನೆ" ಅನ್ನುತ್ತಾರೆ.

ನಿಲ್ಲಿಸಬೇಡಿ. 46 ಲಕ್ಷದ ಬಾಕಿಯನ್ನು 8.5% ಬಡ್ಡಿಗೆ 15 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 45,300 ರೂಪಾಯಿ ಕಂತು. ಇಲ್ಲಿಯವರೆಗೆ ಅದು ಎರಡು ಸಂಬಳದ ಕಂತು. ಇನ್ನು ಮುಂದೆ ಒಂದೇ ಸಂಬಳದ್ದು. 17 ಲಕ್ಷವನ್ನೂ ಸಾಲವಾಗಿ ತೆಗೆದರೆ ಒಟ್ಟು 63 ಲಕ್ಷ, 20 ವರ್ಷಕ್ಕೆ ಎಳೆದರೂ ಕಂತು 54,700ರ ಹತ್ತಿರ. ಕೈಗೆ ಬರುವ ಸಂಬಳದ ಅರ್ಧ ಕಂತಿಗೆ ಹೋಗಬಹುದು ಅಂತ ಇಟ್ಟುಕೊಂಡರೂ, ಕೈಗೆ 1 ಲಕ್ಷ 10 ಸಾವಿರ ಬರಲೇಬೇಕು. ಇದರ ಮೇಲೆ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ಆಸ್ತಿ ತೆರಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರು.

ಬ್ಯಾಂಕಿನ ಮಿತಿ ಇನ್ನೊಂದು. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲ ಆಸ್ತಿ ಬೆಲೆಯ 80% ಮೀರಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ಉದಾಹರಣೆಯಲ್ಲಿ 63 ಲಕ್ಷ ಅಂದರೆ 79%ರ ಹತ್ತಿರ, ಅಂಚಿನಲ್ಲಿ ನಿಂತಿದೆ. ಬ್ಯಾಂಕಿನವರು ಮನೆಗೆ 76 ಲಕ್ಷ ಬೆಲೆ ಕಟ್ಟಿದರೆ ಅಷ್ಟು ಸಾಲ ಸಿಗುವುದಿಲ್ಲ. ಹಾಗಾಗಿ ಬೆಲೆ ವಿಷಯದಲ್ಲಿ ಬ್ರೋಕರ್ ಮಾತು ನಂಬಿ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮೌಲ್ಯಮಾಪಕರಿಂದ ಬರಹದಲ್ಲಿ ತನ್ನಿ. ಇಬ್ಬರೂ ಸೇರಿ ಒಬ್ಬರನ್ನೇ ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಗುವಿನ ಸ್ಕೂಲು ಹತ್ತಿರ ಅನ್ನೋದು ಮನೆ ಉಳಿಸಿಕೊಳ್ಳಲು ಒಳ್ಳೆಯ ಕಾರಣ. "ಅವನಿಗೆ ಬಿಡಬಾರದು" ಅನ್ನೋದು ದುಬಾರಿ ಕಾರಣ.

ಸಾಲದಿಂದ ನನ್ನ ಹೆಸರು ತೆಗೆಸೋದು ಹೇಗೆ? ತೀರ್ಪಿನ ಪ್ರತಿ ಕೊಟ್ಟರೆ ಸಾಕಾ?

ಸಾಕಾಗಲ್ಲ. ನಾನು ಬಿದ್ದದ್ದು ಈ ಗುಂಡಿಗೇ. ಜಂಟಿ ಸಾಲ ಅಂದರೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ, ಅರ್ಧರ್ಧಕ್ಕೆ ಅಲ್ಲ. ನಿಮ್ಮ ಡೈವೋರ್ಸಿನಲ್ಲಿ ಬ್ಯಾಂಕು ಪಕ್ಷಗಾರ ಅಲ್ಲ, ನಿಮ್ಮ ಒಪ್ಪಂದ ಅದನ್ನು ಕಟ್ಟಿಹಾಕುವುದಿಲ್ಲ. ಎದುರಿನವರು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ.

ಹೆಸರು ಹೋಗಬೇಕಾದರೆ ಮನೆ ಉಳಿಸಿಕೊಳ್ಳುವವರು ಒಂಟಿಯಾಗಿ ಸಾಲ ಹೊರಬಲ್ಲರು ಅಂತ ಬ್ಯಾಂಕು ಹೊಸದಾಗಿ ಪರೀಕ್ಷೆ ಮಾಡಿ ಒಪ್ಪಬೇಕು. ಒಪ್ಪದಿದ್ದರೆ ಬೇರೆ ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಹೊಸ ಸಾಲ ತೆಗೆದು ಹಳೆಯದನ್ನು ಮುಗಿಸುವುದು. ಫ್ಲೋಟಿಂಗ್ ದರದ ಸಾಲವಾದರೆ ಬೇಗ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಹಳೇ ಸಾಲ ಪೂರ್ತಿ ತೀರಿದ ಮೇಲೆ ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು. ತಡ ಮಾಡಿದ ತಪ್ಪು ಬ್ಯಾಂಕಿನದ್ದೇ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ ಇದು.

ಒಪ್ಪಂದದಲ್ಲಿ "ಅವರು ತೀರಿಸುತ್ತಾರೆ" ಅಂತ ಬರೆದರೆ ಸಾಲದು. ಇಂಥ ತಾರೀಖಿನೊಳಗೆ ನನ್ನ ಹೆಸರು ಸಾಲದಿಂದ ಹೋಗಬೇಕು, ಇಲ್ಲದಿದ್ದರೆ ಮನೆ ಮಾರಿ ಸಾಲ ಮುಗಿಸಬೇಕು ಅಂತ ಬರೆಸಿ.

ಮನೆಯ ಪತ್ರ ತೀರ್ಪಿಗೆ ಮುಂಚೆ ಮಾಡಿಸಬೇಕಾ, ಆಮೇಲಾ?

ಬಹಳ ಕಡಿಮೆ ಜನ ಕೇಳುವ, ಎಲ್ಲರೂ ಕೇಳಬೇಕಾದ ಪ್ರಶ್ನೆ.

ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ದಾನಪತ್ರ, ಹಕ್ಕು ಬಿಡುಗಡೆ ಪತ್ರಗಳಿಗೆ ಕುಟುಂಬದೊಳಗಿನದು ಅಂತ ರಿಯಾಯಿತಿ ಇದೆ. ಸ್ಟಾಂಪ್ ಶುಲ್ಕ ಸಾವಿರಗಳಲ್ಲಿ ಮುಗಿಯುತ್ತದೆ. ಕ್ರಯಪತ್ರವಾದರೆ 45 ಲಕ್ಷ ಮೀರಿದ ಆಸ್ತಿಗೆ ಸ್ಟಾಂಪ್ ಶುಲ್ಕವೇ 5%. ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ತೀರ್ಪು ಬಂದ ದಿನ ನೀವಿಬ್ಬರೂ ಒಂದೇ ಕುಟುಂಬ ಅಲ್ಲ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ರಿಯಾಯಿತಿ ಕೇಳಿದರೆ ತಕರಾರು ಬಂದೇ ಬರುತ್ತದೆ. ಸಾವಿರದಲ್ಲಿ ಆಗುತ್ತಿದ್ದ ಕೆಲಸ ಲಕ್ಷಕ್ಕೆ ಹೋಗಿ ಕೂರುತ್ತದೆ.

ಹಾಗಂತ ಮೊದಲೇ ಬರೆದುಕೊಟ್ಟರೆ ಇನ್ನೊಂದು ಭಯ. ಪರಸ್ಪರ ಒಪ್ಪಿಗೆಯ ಡೈವೋರ್ಸಿನಲ್ಲಿ ತೀರ್ಪು ಬರುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಮನೆಯೂ ಹೋಯಿತು, ಡೈವೋರ್ಸೂ ಇಲ್ಲ ಅನ್ನೋ ಸ್ಥಿತಿ. ಅದಕ್ಕೇ ಇಬ್ಬರೂ ಕೋರ್ಟಿನಲ್ಲಿ ಒಪ್ಪಿಗೆಯನ್ನು ಮತ್ತೊಮ್ಮೆ ಹೇಳುವ ಎರಡನೇ ಹಾಜರಾತಿಯ ತಾರೀಖು ಗೊತ್ತಾದ ಮೇಲೆ, ಅದಕ್ಕೆ ಕೆಲವೇ ದಿನ ಮುಂಚೆ ನೋಂದಣಿ ಇಟ್ಟುಕೊಳ್ಳುವುದು ಜಾಣತನ. ಯಾವ ಪತ್ರ, ಯಾವ ದಿನ, ಪ್ರತಿಯಾಗಿ ಎಷ್ಟು ಹಣ ಅನ್ನೋದು ಒಪ್ಪಂದದಲ್ಲೇ ಇರಲಿ. ಬೆಂಗಳೂರಿನವರಿಗೆ ನ್ಯಾಯದೇಗುಲದಲ್ಲೇ ಮಧ್ಯಸ್ಥಿಕೆ ಕೇಂದ್ರ ಇದೆ, ಅಲ್ಲೇ ಇದನ್ನೆಲ್ಲ ಕೂತು ಬರೆಸಬಹುದು. ದುಡ್ಡು ಕೈ ಬದಲಾಗುವಾಗ ದಾನಪತ್ರ ಸರಿಯಾ, ಬಿಡುಗಡೆ ಪತ್ರ ಸರಿಯಾ ಅಂತ ವಕೀಲರನ್ನು ಬಿಡಿಸಿ ಕೇಳಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮೊದಲು. ಬಿಡಿಎ ಸೈಟು ಇನ್ನೂ ಲೀಸ್ ಕಂ ಸೇಲ್ (ಪೂರ್ತಿ ಕ್ರಯಪತ್ರ ಸಿಗುವ ಮುಂಚಿನ ಗುತ್ತಿಗೆ) ಅವಧಿಯಲ್ಲಿದ್ದರೆ ಸುಮ್ನೆ ಹೆಸರು ಬದಲಾಯಿಸೋಕೆ ಆಗಲ್ಲ, ಅದನ್ನೂ ನೋಡಿಕೊಳ್ಳಿ.

ನಾವಿದ್ದದ್ದು ಅತ್ತೆ ಮಾವನ ಮನೆ. ಹೊರಗೆ ಹಾಕಬಹುದಾ?

ಪಾಲು ಬೇರೆ, ವಾಸದ ಹಕ್ಕು ಬೇರೆ. ಅತ್ತೆಯ ಹೆಸರಿನ ಮನೆಯಲ್ಲಿ ನಿಮಗೆ ಪಾಲಿಲ್ಲ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ. ಮನೆ ಗಂಡನ ಹೆಸರಿನಲ್ಲೇ ಇರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಸ್ಪಷ್ಟ ಮಾಡಿತು. ತನ್ನದೇ ಹಳೇ ತೀರ್ಪನ್ನು ತಳ್ಳಿಹಾಕಿತು.

ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನದೇ ಒಂದು ಪ್ರಕರಣ. ಗಂಡ ತನ್ನ ಆಸ್ತಿಯನ್ನು ತಂದೆಗೆ ಮಾರಿದ. ತಂದೆ ಅದನ್ನು ತಾಯಿಗೆ ದಾನ ಕೊಟ್ಟರು. ಆಮೇಲೆ ಹಿರಿಯ ನಾಗರಿಕರ ಕಾಯ್ದೆ ಹಿಡಿದುಕೊಂಡು ಸೊಸೆಯನ್ನು ಖಾಲಿ ಮಾಡಿಸುವ ಆದೇಶ ತಂದರು. ಒಂದು ಕಾಯ್ದೆ ಬಳಸಿ ಇನ್ನೊಂದು ಕಾಯ್ದೆ ಕೊಟ್ಟ ಹಕ್ಕನ್ನು ಹೀಗೆ ಅಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿತು.

ಹಾಗಂತ ಇದು ಜೀವನಪೂರ್ತಿ ಹಕ್ಕಲ್ಲ. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ಕೋರ್ಟು ತೂಗುತ್ತದೆ. ಕೌಟುಂಬಿಕ ಹಿಂಸೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದೇ ಮಟ್ಟದ ಬೇರೆ ಮನೆ ಕೊಡಿಸಿ, ಅಥವಾ ಬಾಡಿಗೆ ಕಟ್ಟಿ ಅಂತ ಗಂಡನಿಗೆ ಹೇಳಬಹುದು. ಜಗಳದ ಮನೆಯಲ್ಲಿ ಹಟ ಹಿಡಿದು ಕೂರುವುದಕ್ಕಿಂತ ಇದು ಎಷ್ಟೋ ಜನರಿಗೆ ಒಳ್ಳೆಯದು.

ಒಪ್ಪಿಗೆಯ ಡೈವೋರ್ಸಿಗೆ ಒಂದು ವರ್ಷ ಬೇರೆ ಇರಬೇಕಂತೆ. ಎರಡು ಬಾಡಿಗೆ ಕಟ್ಟಲು ಆಗಲ್ಲ. ಒಂದೇ ಮನೆಯಲ್ಲಿ ಇರಬಹುದಾ?

ಇರಬಹುದು. ಬೇರೆ ಇರುವುದು ಅಂದರೆ ಗಂಡ ಹೆಂಡತಿಯಾಗಿ ಬಾಳದೆ ಇರುವುದು, ಒಂದೇ ಸೂರಿನ ಕೆಳಗೂ ಅದು ಸಾಧ್ಯ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಇನ್ನೊಂದು ರೂಮಿಗೆ ಹೋದರೂ ಆಯಿತು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನೂ, ರಾಜಿಗೆ ದಾರಿಯೇ ಇಲ್ಲ, ಎಲ್ಲ ಇತ್ಯರ್ಥ ಆಗಿದೆ ಅನಿಸಿದರೆ ಕೋರ್ಟು ಮನ್ನಾ ಮಾಡಬಹುದು. ಇದು 2017ರ ತೀರ್ಪು. ಆದರೆ ಹೊಡೆತ ಬಡಿತ ಇರುವ ಮನೆಯಲ್ಲಿ ಬಾಡಿಗೆ ಉಳಿಸೋಕೆ ಹೋಗಬೇಡಿ.

ಬಾಡಿಗೆ ಮನೆ ಅವರ ಹೆಸರಿನಲ್ಲಿದೆ. ಅಡ್ವಾನ್ಸ್ ಯಾರದ್ದು?

ಕರಾರು ಪತ್ರದಲ್ಲಿ ಯಾರ ಹೆಸರಿದೆಯೋ ಮಾಲೀಕರು ಅವರಿಗೇ ಕೊಡುತ್ತಾರೆ. ನಿಮ್ಮ ದುಡ್ಡು ಅದರಲ್ಲಿದ್ದರೆ ಒಪ್ಪಂದದಲ್ಲಿ ಬರೆಸಿ. ಭೋಗ್ಯದ ಮನೆಯಾದರಂತೂ ಖಂಡಿತ ಬರೆಸಿ, ಅಲ್ಲಿ ಲಕ್ಷಗಟ್ಟಲೆ ಹಣ ಮಾಲೀಕರ ಹತ್ತಿರ ಇರುತ್ತದೆ. ನೀವೇ ಅಲ್ಲಿ ಮುಂದುವರಿಯುವುದಾದರೆ ಹಳೇ ಕರಾರಿಗೆ ತೇಪೆ ಹಾಕಬೇಡಿ, ನಿಮ್ಮ ಹೆಸರಿಗೆ ಹೊಸದು ಮಾಡಿಸಿ.

ಬೆಂಗಳೂರಿನದೇ ಒಂದು ಪ್ರಕರಣ 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯಿತು. ಬಾಡಿಗೆದಾರ ಗಂಡ ಬಿಟ್ಟುಹೋದರೆ, ಆ ಮನೆಯಲ್ಲೇ ಉಳಿದ ಹೆಂಡತಿ ಖಾಲಿ ಮಾಡಿಸುವ ದಾವೆಯಲ್ಲಿ ತಾನೇ ವಾದ ಮಾಡಬಹುದು ಅಂತ ಕೋರ್ಟು ಹೇಳಿತು. ಆದರೆ ಆ ಹೆಂಗಸು ಸೋತರು. ಅಷ್ಟರಲ್ಲಿ ಒಪ್ಪಿಗೆಯ ಡೈವೋರ್ಸ್ ಆಗಿಹೋಗಿತ್ತು, ಅದರಲ್ಲಿ ವಾಸದ ಬಗ್ಗೆ ಒಂದಕ್ಷರ ಇರಲಿಲ್ಲ. ಆ ತೀರ್ಪು ಓದಿದ ದಿನ ನನ್ನ ಒಂದು ಸಾಲಿನ ಒಪ್ಪಂದ ನೆನಪಾಗಿ ಹೊಟ್ಟೆ ಉರಿಯಿತು.

ಒಂಟಿ ಹೆಂಗಸಿಗೆ ಮನೆ ಹುಡುಕೋದೇ ಇನ್ನೊಂದು ಕಥೆ. "ಯಜಮಾನರು ಏನ್ ಮಾಡ್ತಾರೆ?" ಅನ್ನುವ ಮಾಲೀಕರಿಗೆ ನಾನು ಸಂಬಳದ ಚೀಟಿ ತೋರಿಸುತ್ತಿದ್ದೆ. ಅಡ್ವಾನ್ಸ್, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಸಾಗಾಟದ ಗಾಡಿ. ಬಿಡುವಾಗ ಪೇಂಟಿಂಗ್ ಅಂತ ಮತ್ತೊಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಇಷ್ಟನ್ನೂ ಜೀವನಾಂಶದ ಲೆಕ್ಕಕ್ಕೆ ಸೇರಿಸಿ.

ಜೀವನಾಂಶದಲ್ಲಿ ಬಾಡಿಗೆ ಕೇಳಬಹುದಾ?

ಕೇಳಲೇಬೇಕು. 2020ರ ನವೆಂಬರಿನಿಂದ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟು ಕಡ್ಡಾಯ ಮಾಡಿದೆ. ಬಾಡಿಗೆ, ಕರೆಂಟು, ಸ್ಕೂಲು ಎಲ್ಲಾ ಅದರಲ್ಲಿ ಬರುತ್ತವೆ. ಮಂಜೂರಾದ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆದ್ದರಿಂದ ಅರ್ಜಿ ತಡ ಮಾಡಬೇಡಿ. ಮುಸ್ಲಿಂ ಮಹಿಳೆಯರಿಗೆ 1986ರ ಕಾಯ್ದೆಯಡಿ ಮುಂದಿನ ಬದುಕಿಗೂ ಸಾಕಾಗುವ ಏರ್ಪಾಡನ್ನು ಇದ್ದತ್ (ತಲಾಖ್ ನಂತರ ಹೆಂಡತಿ ಕಾಯಬೇಕಾದ ಕಾಲ) ಅವಧಿಯೊಳಗೇ ಗಂಡ ಮಾಡಬೇಕು ಅಂತ 2001ರ ತೀರ್ಪಿದೆ. ಎಲ್ಲ ಧರ್ಮದವರಿಗೂ ಇರುವ ಸಾಮಾನ್ಯ ಜೀವನಾಂಶದ ಕಾನೂನು ಅವರಿಗೂ ತೆರೆದಿದೆ ಅಂತ 2024ರ ಜುಲೈನಲ್ಲಿ ಮತ್ತೊಮ್ಮೆ ಗಟ್ಟಿಯಾಯಿತು. ಕ್ರೈಸ್ತರಿಗೆ 1869ರ ಕಾಯ್ದೆ, ರಿಜಿಸ್ಟರ್ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ. ಎರಡರಲ್ಲೂ 37ನೇ ಸೆಕ್ಷನ್ ನೋಡಿ.

ಒಡವೆ?

ತವರಿನವರು ಕೊಟ್ಟದ್ದು, ಅತ್ತೆ ಮನೆಯವರು ನಿಮಗೆ ಹಾಕಿದ್ದು ಎರಡೂ ಸ್ತ್ರೀಧನ. ಪೂರ್ತಿ ನಿಮ್ಮದು. ಅತ್ತೆಯ ಲಾಕರಿನಲ್ಲಿದೆ ಅಂದರೆ ಕಾಯಲು ಕೊಟ್ಟದ್ದು ಅಷ್ಟೇ. ಮನೆ ಕೊಳ್ಳುವಾಗ ನಿಮ್ಮ ಒಡವೆ ಮಾರಿದ್ದರೆ ಅಂಗಡಿಯ ರಸೀದಿ, ಮದುವೆ ಫೋಟೋ ಹುಡುಕಿ ಇಟ್ಟುಕೊಳ್ಳಿ.

ಊರಲ್ಲಿ ಅವರ ಪಿತ್ರಾರ್ಜಿತ ಜಮೀನಿದೆ. ನನಗೂ ಮಗುವಿಗೂ ಏನಿದೆ?

ಡೈವೋರ್ಸ್ ಆದವರಿಗೆ ಅದರಲ್ಲಿ ಪಾಲಿಲ್ಲ. ಮಗುವಿಗೆ ಇದೆ. ಅಪ್ಪ ಅಮ್ಮ ಬೇರೆಯಾದರೆ ಮಗುವಿನ ಹಕ್ಕು ಹೋಗುವುದಿಲ್ಲ, ಹೆಣ್ಣಾದರೂ ಅಷ್ಟೇ. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕ 1994ರಲ್ಲೇ ದೇಶಕ್ಕಿಂತ ಮುಂದಿತ್ತು. "ಮಗುವಿಗೂ ಇನ್ನು ಯಾವ ಹಕ್ಕೂ ಇಲ್ಲ" ಅಂತ ಒಪ್ಪಂದದಲ್ಲಿ ಸೇರಿಸಲು ನೋಡುತ್ತಾರೆ. ಒಪ್ಪಬೇಡಿ. ಅಪ್ರಾಪ್ತ ಮಗುವಿನ ಆಸ್ತಿ ಬಿಟ್ಟುಕೊಡಲು ಕೋರ್ಟಿನ ಅನುಮತಿ ಬೇಕು, ಅದು ನಿಮ್ಮ ಸಹಿಯಿಂದ ಆಗುವ ಕೆಲಸ ಅಲ್ಲ.

ನನಗೆ ಹೇಳದೆ ಮನೆ ಮಾರಿಬಿಟ್ಟರೆ?

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆಗಾಗ ಇಸಿ (ಆಸ್ತಿಯ ಮೇಲಿನ ವ್ಯವಹಾರಗಳ ಋಣಭಾರ ಪತ್ರ) ತೆಗೆದು ನೋಡುತ್ತಿರಿ. ಅನುಮಾನ ಬಂದರೆ ತಡೆಯಾಜ್ಞೆ ಕೇಳಿ, ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೂ ಆ ದಾರಿ ಇದೆ. ಆಸ್ತಿಯ ದಾವೆ ನಡೆಯುವಾಗ ಕೊಂಡವರು ದಾವೆಯ ಫಲಕ್ಕೆ ಕಟ್ಟುಬೀಳುತ್ತಾರೆ.

ನಾವು ಅಮೆರಿಕದಲ್ಲಿದ್ದೇವೆ, ಮೈಸೂರಿನಲ್ಲಿ ಸೈಟಿದೆ. ಅಲ್ಲಿನ ಕೋರ್ಟು ಹಂಚಿದರೆ ನಡೆಯುತ್ತದಾ?

ಕ್ಯಾಲಿಫೋರ್ನಿಯಾದಂಥ ಕಡೆ ಮದುವೆಯ ನಂತರದ ಗಳಿಕೆ ಇಬ್ಬರದ್ದೂ ಅಂತ ಕಾನೂನಿದೆ. ಆದರೆ ಇಲ್ಲಿನ ಸ್ಥಿರಾಸ್ತಿಯ ಹಕ್ಕು ತೀರ್ಮಾನ ಆಗುವುದು ಆಸ್ತಿ ಇರುವ ಊರಿನ ಕೋರ್ಟಿನಲ್ಲಿ. ಅಲ್ಲಿನ ಆದೇಶ ಹಿಡಿದು ಬಂದರೆ ಸಬ್ ರಿಜಿಸ್ಟ್ರಾರ್ ಹೆಸರು ಬದಲಾಯಿಸುವುದಿಲ್ಲ. ಇಬ್ಬರೂ ಒಪ್ಪಿದ್ದರೆ ಊರಲ್ಲಿರುವ ಅಣ್ಣನಿಗೋ ಅಮ್ಮನಿಗೋ ಜಿಪಿಎ (ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಕಳಿಸಿ ಪತ್ರ ಮಾಡಿಸಿ. ಜಿಪಿಎಯನ್ನು ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಎಲ್ಲಾ ಮುಗಿಯಿತು. ಇನ್ನೇನಾದರೂ ಉಳಿದಿದೆಯಾ?

ಹೆಸರುಗಳು ಉಳಿದಿರುತ್ತವೆ. ಇ-ಖಾತಾ, ಆಸ್ತಿ ತೆರಿಗೆ, ಬೆಸ್ಕಾಂ, ನೀರಿನ ಬಿಲ್ಲು, ಗ್ಯಾಸ್ ಕನೆಕ್ಷನ್, ರೇಷನ್ ಕಾರ್ಡು. ಬ್ಯಾಂಕು, ವಿಮೆ, ಪಿಎಫ್‌ಗಳ ನಾಮಿನಿ ಮೊದಲು ಬದಲಾಯಿಸಿ. ಹಳೇ ಉಯಿಲು ಇದ್ದರೆ ಹೊಸದು ಬರೆಯಿರಿ. ನನ್ನ ಮನೆಯ ಕರೆಂಟ್ ಬಿಲ್ಲು ಮೂರು ವರ್ಷ ಅವರ ಹೆಸರಿನಲ್ಲೇ ಬರುತ್ತಿತ್ತು. ಪ್ರತಿ ತಿಂಗಳೂ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದರು.